ತಪ್ಪಿದರೂ ನಿಲ್ಲದ ತಾಳ
(ಜಾಝ್ ಕೇಂದ್ರದಿಂದ ನಮ್ಮ ಕನ್ನಡ ತರಗತಿಗೆ ಒಂದು ಪಾಠ)



ಪ್ರತಿವರ್ಷ ಈ ಸಂಚಿಕೆಗೆ ಕನ್ನಡ ತರಗತಿಯ ಪರವಾಗಿ ನಾವು ಒಂದು ಪಾಠ ಬರೆದುಕೊಡುವುದು ವಾಡಿಕೆ. ಒಮ್ಮೆ ಗಾದೆಗಳ ಬಗ್ಗೆ ಬರೆದೆವು, ಒಮ್ಮೆ ವಚನಗಳ ಬಗ್ಗೆ, ಇನ್ನೊಮ್ಮೆ ಸಂಧಿ-ಸಮಾಸಗಳ ಬಗ್ಗೆ. ಈ ಸಲ ಜಾಝ್ ಸಂಗೀತದ ಬಗ್ಗೆ ಬರೆಯುತ್ತಿದ್ದೇವೆ ಎಂದು ಹೇಳಿದಾಗ ಪೋಷಕರೊಬ್ಬರು, "ಕನ್ನಡ ಟೀಚರಿಗೂ ಜಾಝಿಗೂ ಎತ್ತಣಿಂದೆತ್ತ ಸಂಬಂಧ!" ಎಂದು ನಕ್ಕರು. ಸಂಬಂಧ ಹೇಗೆ ಬಂತೆಂಬುದನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹೈಸ್ಕೂಲಿನ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಾನೆ. ಭಾನುವಾರದ ಕನ್ನಡ ತರಗತಿಯಲ್ಲಿ ಮಾತ್ರ ಹಿಂದಿನ ಸಾಲಿನಲ್ಲಿ ಕೂತು ಮೌನ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ, ಅದೂ ಎರಡೇ ಪದಗಳಲ್ಲಿ. ಒಂದು ದಿನ ಅವನ ತಾಯಿ, "ಇವತ್ತು ಸಂಜೆ ಇವನು ಜ್ಯಾಮ್ ಸೆಷನ್ನಿನಲ್ಲಿ ನುಡಿಸ್ತಾನಂತೆ, ನೀವೂ ಬನ್ನಿ" ಎಂದು ಕರೆದರು. ಹೋದೆವು. ಗುರುತು ಪರಿಚಯವಿಲ್ಲದ ನಲವತ್ತು ಜನರ ಮುಂದೆ ಆ ಹುಡುಗ ಎದ್ದು ನಿಂತು ನುಡಿಸಿದ. ನಡುವೆ ಎಲ್ಲೋ ದಾರಿ ತಪ್ಪಿದ. ಟ್ರಂಪೆಟ್ ಕೆಳಗಿಳಿಸಿ, ತಲೆ ಬಾಗಿಸಿ ಸ್ವಲ್ಪ ಹೊತ್ತು ಕೇಳಿದ. ಮತ್ತೆ ಸರಿಯಾದ ಜಾಗದಲ್ಲಿ ಸೇರಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಅಷ್ಟು ಜನರ ಮುಂದೆ ತಪ್ಪು ನುಡಿಸಲು ಹೆದರದವನು, ಹನ್ನೆರಡೇ ಜನರಿರುವ ನಮ್ಮ ತರಗತಿಯಲ್ಲಿ ಒಂದು ಕನ್ನಡ ವಾಕ್ಯ ಆಡಲು ಏಕೆ ಹೆದರುತ್ತಾನೆ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ತಿಳಿದ ಸಂಗತಿಗಳೇ ಈ ಪಾಠ.

ಜಾಝ್ ಎಂದರೇನು?

ಜಾಝ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಬಂದರು ನಗರ ನ್ಯೂ ಆರ್ಲಿಯನ್ಸ್‌ನಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ. ಗುಲಾಮಗಿರಿಯ ಕಷ್ಟವನ್ನು ಉಂಡು ಬಂದ ಆಫ್ರಿಕನ್ ಅಮೆರಿಕನ್ ಸಮುದಾಯ ತನ್ನ ದುಡಿಮೆಯ ಹಾಡು, ಚರ್ಚಿನ ಭಕ್ತಿಗೀತೆ, 'ಬ್ಲೂಸ್' ಎಂಬ ನೋವಿನ ಹಾಡು, ಮೆರವಣಿಗೆಯ ವಾದ್ಯಮೇಳ ಎಲ್ಲವನ್ನೂ ಬೆರೆಸಿ ಕಟ್ಟಿದ ಸಂಗೀತವಿದು. ಇದರ ಜೀವಾಳ ಎರಡು. ಒಂದು, ತೂಗುಯ್ಯಾಲೆಯಂತೆ ಓಲಾಡುವ 'ಸ್ವಿಂಗ್' ನಡೆ. ಎರಡನೆಯದು ಮನೋಧರ್ಮ, ಅಂದರೆ ಬರೆದಿಟ್ಟದ್ದನ್ನು ಒಪ್ಪಿಸದೆ ಆ ಕ್ಷಣದಲ್ಲಿ ಹೊಳೆದದ್ದನ್ನು ನುಡಿಸುವುದು. ಕರ್ನಾಟಕ ಸಂಗೀತ ಕಲಿಯುತ್ತಿರುವ ಮಕ್ಕಳಿಗೆ ಮನೋಧರ್ಮ ಹೊಸ ಪದವಲ್ಲ. ಕಲ್ಪನಾಸ್ವರ, ನೆರವಲ್ ಎಲ್ಲವೂ ಅದೇ.

ಒಂದು ವ್ಯತ್ಯಾಸವನ್ನೂ ಗಮನಿಸಿ. ನಮ್ಮಲ್ಲಿ ತಂಬೂರಿಯ ಶ್ರುತಿ ಮೊದಲಿಂದ ಕೊನೆಯವರೆಗೆ ಒಂದೇ. ಅದರ ಮೇಲೆ ರಾಗ ಬೆಳೆಯುತ್ತದೆ. ಜಾಝಿನಲ್ಲಿ ಸ್ವರಗಳ ಗುಂಪು, ಅಂದರೆ 'ಕಾರ್ಡ್', ಕೆಲವು ಮಾತ್ರೆಗಳಿಗೊಮ್ಮೆ ಬದಲಾಗುತ್ತ ಹೋಗುತ್ತದೆ. ನುಡಿಸುವವರು ಆ ಬದಲಾವಣೆಯ ಜೊತೆಜೊತೆಗೇ ಸಾಗಬೇಕು.

ಸಾಂತಾ ಕ್ರೂಸ್‌ನ ಕೂಂಬ್ವಾ

ಸಾನ್ ಹೋಸೆಯಿಂದ ಹೈವೇ 17ರ ತಿರುವುಗಳನ್ನು ದಾಟಿ ಬೆಟ್ಟ ಇಳಿದರೆ ಸಮುದ್ರದಂಚಿನ ಸಾಂತಾ ಕ್ರೂಸ್ ಸಿಗುತ್ತದೆ. ಸಮುದ್ರತೀರದ ಜಾತ್ರೆಯಂಥ ಆಟದ ಬಯಲಿಗೆ ನೀವೆಲ್ಲ ಹೋಗಿರುತ್ತೀರಿ. ಅಲ್ಲಿಯೇ ಪೇಟೆಯ ಸೀಡರ್ ಬೀದಿಯಲ್ಲಿ 'ಕೂಂಬ್ವಾ ಜಾಝ್ ಸೆಂಟರ್' ಇದೆ. 1975ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಕೆಲವು ಸಂಗೀತಪ್ರೇಮಿಗಳು ಇದನ್ನು ಆರಂಭಿಸಿದರು. 1977ರಲ್ಲಿ ಹಿಂದೆ ಬೇಕರಿಯಾಗಿದ್ದ ಕಟ್ಟಡಕ್ಕೆ ಬಂದು ನೆಲೆಸಿತು. ಬ್ರೆಡ್ಡು ಬೇಯುತ್ತಿದ್ದ ಜಾಗದಲ್ಲಿ ಸ್ವರಗಳು ಬೇಯತೊಡಗಿದವು. 1989ರ ಅಕ್ಟೋಬರ್ ಭೂಕಂಪದಲ್ಲಿ ಸಾಂತಾ ಕ್ರೂಸ್ ಪೇಟೆಗೆ ಭಾರಿ ಹಾನಿಯಾಯಿತು. ಕೂಂಬ್ವಾ ಅದೇ ಬೀದಿಯಲ್ಲಿ ತನ್ನ ಕೆಲಸ ಮುಂದುವರಿಸಿತು.

ಭಾಷೆಯ ಪಾಠ ಇದಾದ್ದರಿಂದ ಹೆಸರಿನ ಬಗ್ಗೆ ಎರಡು ಮಾತು. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ 'ಕೂಂಬಾ' ಎಂದರೆ ಸೃಷ್ಟಿಸುವುದು. ಅದಕ್ಕೆ ವಕಾರ ಸೇರಿ 'ಕೂಂಬ್ವಾ' ಆದರೆ ಸೃಷ್ಟಿಸಲ್ಪಡುವುದು, ಸೃಷ್ಟಿಯಾಗುವುದು. ವ್ಯಾಕರಣ ತರಗತಿಯಲ್ಲಿ ನೀವು ಆಕಳಿಸುತ್ತ ಕಲಿತ ಕರ್ಮಣಿ ಪ್ರಯೋಗವೇ ಇದು! ನಾವು 'ಅಲ್ಪಡು' ಸೇರಿಸಿ ಹೇಳುವುದನ್ನು ಅವರು ಒಂದೇ ಅಕ್ಷರದಿಂದ ಹೇಳುತ್ತಾರೆ. ಸಂಗೀತ ಇಲ್ಲಿ ಆ ಕ್ಷಣದಲ್ಲೇ ಹುಟ್ಟುತ್ತದೆ ಎಂಬ ಅರ್ಥದಲ್ಲಿ ಈ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ.

ಸಭಾಂಗಣ ಚಿಕ್ಕದು, ಸುಮಾರು ಇನ್ನೂರು ಜನ ಕೂರಬಹುದು. ನಾವು ಆರು ಕುಟುಂಬಗಳು ಸೇರಿ ಒಂದು ಸಂಜೆ ಹೋಗಿದ್ದೆವು. ಡಬಲ್ ಬೇಸ್ ನುಡಿಸುವವರ ಬೆರಳು ತಂತಿಯ ಮೇಲೆ ಜಾರುವ ಸದ್ದೂ ಕೇಳುವಷ್ಟು ಹತ್ತಿರ ಕೂತಿದ್ದೆವು. ದೊಡ್ಡ ರಂಗಮಂದಿರದ ಬಾಲ್ಕನಿಯಲ್ಲಿ ಕೂತು ನೋಡುವುದಕ್ಕೂ ಮನೆಯ ಹಜಾರದ ಕಛೇರಿಗೂ ಇರುವ ವ್ಯತ್ಯಾಸ ಅದು. ಕಚೇರಿಯ ದಿನದ ಎಷ್ಟೋ ಕೆಲಸಗಳನ್ನು ಸ್ವಯಂಸೇವಕರೇ ಮಾಡುತ್ತಾರೆ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಕುರ್ಚಿ ಜೋಡಿಸುವವರು, ಊಟ ಬಡಿಸುವವರು ನೆನಪಾದರು.

ಸೋಮವಾರದ ಗುಟ್ಟು

ಕೂಂಬ್ವಾದ ಕಚೇರಿಗಳಿಗೆ ಸೋಮವಾರ ಹೆಸರುವಾಸಿ. ಮರುದಿನ ಶಾಲೆ, ಆಫೀಸು ಇರುವಾಗ ಸೋಮವಾರವೇ ಏಕೆ? ದೊಡ್ಡ ಕಲಾವಿದರು ವಾರದ ಕೊನೆಯಲ್ಲಿ ಸಾನ್ ಫ್ರಾನ್ಸಿಸ್ಕೊ ಅಥವಾ ಲಾಸ್ ಏಂಜಲೀಸ್‌ನಲ್ಲಿ ನುಡಿಸುತ್ತಾರೆ. ಸೋಮವಾರ ಅವರಿಗೆ ಬಿಡುವು. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ದಾರಿಯಲ್ಲಿ ಸಾಂತಾ ಕ್ರೂಸ್‌ನಲ್ಲಿ ಇಳಿದು ನುಡಿಸಬಹುದಲ್ಲ! ಶನಿವಾರ ಕರೆದಿದ್ದರೆ ಆ ಚಿಕ್ಕ ಊರಿಗೆ ಬರಲಾಗದಂಥ ಕಲಾವಿದರು ಸೋಮವಾರ ಬಂದರು. ಹಣಬಲವಿಲ್ಲದ ಸಂಸ್ಥೆ ಬುದ್ಧಿಬಲದಿಂದ ಕಂಡುಕೊಂಡ ದಾರಿ ಇದು. ಸಂಸ್ಥಾಪಕರಲ್ಲಿ ಒಬ್ಬರಾದ ಟಿಮ್ ಜಾಕ್ಸನ್ ಮುಂದೆ, 1958ರಲ್ಲಿ ಆರಂಭವಾದ ಪ್ರಸಿದ್ಧ ಮಾಂಟೆರೇ ಜಾಝ್ ಉತ್ಸವದ ಕಲಾ ನಿರ್ದೇಶಕರಾಗಿ 2023ರವರೆಗೆ ದುಡಿದರು.

ಜಾಝ್ ಇತಿಹಾಸದಲ್ಲಿ ಇನ್ನೊಂದು ಸೋಮವಾರವೂ ಇದೆ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ 'ಮಿಂಟನ್ಸ್ ಪ್ಲೇಹೌಸ್' ಎಂಬ ಜಾಗ 1938ರಲ್ಲಿ ತೆರೆಯಿತು. 1940ರ ನಂತರದ ಕೆಲವು ವರ್ಷ ಅಲ್ಲಿ ಬಿಡುವಿನ ಸೋಮವಾರ ರಾತ್ರಿ ಬೇರೆ ಬೇರೆ ವಾದ್ಯಮೇಳಗಳ ಕಲಾವಿದರು ಸೇರಿ ತಮಗಾಗಿ ತಾವೇ ನುಡಿಸುತ್ತಿದ್ದರು. ಪಿಯಾನೊದಲ್ಲಿ ಥೆಲೋನಿಯಸ್ ಮಂಕ್, ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್. ಟ್ರಂಪೆಟ್ಟಿನ ಡಿಜ್ಜಿ ಗಿಲೆಸ್ಪಿ, ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್ ಬಂದು ಸೇರುತ್ತಿದ್ದರು. ಉಳಿದ ದಿನ ಸಂಬಳಕ್ಕೆ, ಸೋಮವಾರ ಸಂತೋಷಕ್ಕೆ. ಈ ರಾತ್ರಿಗಳಿಂದ 'ಬೀಬಾಪ್' ಎಂಬ ಹೊಸ ಶೈಲಿಯೇ ರೂಪುಗೊಂಡಿತು. ಹೀಗೆ ಮುಂಚಿತವಾಗಿ ಗೊತ್ತುಮಾಡಿಕೊಳ್ಳದೆ ಸೇರಿ ನುಡಿಸುವುದಕ್ಕೇ ಜ್ಯಾಮ್ ಸೆಷನ್ ಎನ್ನುತ್ತಾರೆ.

ಜ್ಯಾಮ್ ಸೆಷನ್ ನಡೆಯುವುದು ಹೇಗೆ?

ಮನಸ್ಸಿಗೆ ಬಂದಂತೆ ಎಲ್ಲರೂ ಒಟ್ಟಿಗೆ ಗದ್ದಲ ಮಾಡುವುದೇ ಜ್ಯಾಮ್ ಎಂದು ನಾವೂ ತಿಳಿದಿದ್ದೆವು. ಹಾಗಲ್ಲ. ಊರಿನ ಜಾಝ್ ಕೇಂದ್ರಗಳಲ್ಲಿ ನಡೆಯುವ ಜ್ಯಾಮ್‌ಗಳಿಗೆ ಒಂದು ಕ್ರಮವಿದೆ.

ಮೊದಲು, ನುಡಿಸಬೇಕೆನ್ನುವವರು ಬಾಗಿಲ ಬಳಿ ಇಟ್ಟ ಹಾಳೆಯಲ್ಲಿ ತಮ್ಮ ಹೆಸರು ಮತ್ತು ವಾದ್ಯದ ಹೆಸರು ಬರೆಯುತ್ತಾರೆ. ಅನುಭವಸ್ಥರಾದ ಪಿಯಾನೊ, ಬೇಸ್, ಡ್ರಮ್ಸ್ ವಾದಕರು ವೇದಿಕೆಯ ಮೇಲೆ ಇದ್ದೇ ಇರುತ್ತಾರೆ. ಇವರನ್ನು 'ರಿದಮ್ ಸೆಕ್ಷನ್' ಎನ್ನುತ್ತಾರೆ. ನಾವು ಪಕ್ಕವಾದ್ಯದವರು ಎನ್ನೋಣ. ಹೆಸರು ಕರೆದಾಗ ನೀವು ಹೋಗಿ ಯಾವ ಹಾಡು, ಯಾವ ಶ್ರುತಿ, ಎಷ್ಟು ವೇಗ ಎಂದು ಹೇಳಬೇಕು. ಒಬ್ಬರು "ಒಂದು, ಎರಡು, ಮೂರು, ನಾಲ್ಕು" ಎಂದು ಎಣಿಸುತ್ತಾರೆ. ಎಲ್ಲರೂ ಕೂಡಿ ಹಾಡಿನ ಮೂಲ ಧಾಟಿಯನ್ನು ಒಮ್ಮೆ ನುಡಿಸುತ್ತಾರೆ. ಇದು ನಮ್ಮ ಪಲ್ಲವಿಯಿದ್ದಂತೆ. ಆಮೇಲೆ ಒಬ್ಬೊಬ್ಬರಾಗಿ ಸರದಿಯ ಮೇಲೆ ಮನೋಧರ್ಮದಿಂದ ನುಡಿಸುತ್ತಾರೆ. ಕೆಲವೊಮ್ಮೆ ನಾಲ್ಕು ನಾಲ್ಕು ಘಟ್ಟ ಹಂಚಿಕೊಂಡು ಡ್ರಮ್ಸ್‌ನವರ ಜೊತೆ ಸವಾಲು-ಜವಾಬು ನಡೆಯುತ್ತದೆ, ನಮ್ಮ ತನಿ ಆವರ್ತನದಲ್ಲಿ ಮೃದಂಗ-ಘಟ ಮಾತಾಡಿಕೊಳ್ಳುವ ಹಾಗೆ. ಕೊನೆಗೆ ಮತ್ತೆ ಎಲ್ಲರೂ ಮೂಲ ಧಾಟಿಗೆ ಬಂದು ಮುಗಿಸುತ್ತಾರೆ.

ಹೊಸಬರು ಸಾಮಾನ್ಯವಾಗಿ ಮೊದಲು ನುಡಿಸುವುದು 'ಹನ್ನೆರಡು ಘಟ್ಟದ ಬ್ಲೂಸ್'. ಒಂದು ಘಟ್ಟಕ್ಕೆ ನಾಲ್ಕು ಮಾತ್ರೆ. ಹನ್ನೆರಡು ಘಟ್ಟಕ್ಕೆ 48 ಮಾತ್ರೆ. ಆದಿತಾಳ ಬಲ್ಲವರು ಈಗ ಕೈ ಎತ್ತಿ! ಆದಿತಾಳದ ಒಂದು ಆವರ್ತನಕ್ಕೆ 8 ಅಕ್ಷರ. 48ನ್ನು 8ರಿಂದ ಭಾಗಿಸಿದರೆ 6. ಮಾತ್ರೆಗೊಂದು ಅಕ್ಷರದಂತೆ ಎಣಿಸಿದರೆ ಬ್ಲೂಸಿನ ಒಂದು ಸುತ್ತು ಸರಿಯಾಗಿ ಆರು ಆದಿತಾಳದ ಆವರ್ತನ. ಆಧಾರ ಸ್ವರ ಬದಲಾಗುವುದು ಹೀಗೆ:

1ನೇ ಮತ್ತು 2ನೇ ಆವರ್ತನ: ಷಡ್ಜ (ಸ)
3ನೇ ಆವರ್ತನ: ಮಧ್ಯಮ (ಮ)
4ನೇ ಆವರ್ತನ: ಮತ್ತೆ ಷಡ್ಜ (ಸ)
5ನೇ ಆವರ್ತನ: ಲಘುವಿನ ನಾಲ್ಕು ಅಕ್ಷರಕ್ಕೆ ಪಂಚಮ (ಪ), ಎರಡು ದ್ರುತಕ್ಕೆ ಮಧ್ಯಮ (ಮ)
6ನೇ ಆವರ್ತನ: ಷಡ್ಜ (ಸ)

ಇಷ್ಟೇ. ಇದು ಸುತ್ತಿ ಸುತ್ತಿ ಬರುತ್ತಿರುತ್ತದೆ. ಇದರ ಮೇಲೆ ನೂರಾರು ಹಾಡುಗಳು ಹುಟ್ಟಿವೆ. ಇದು ಮೂಲ ರೂಪ. ಕಲಾವಿದರು ಇದಕ್ಕೆ ಬಗೆಬಗೆಯ ಅಲಂಕಾರ ಸೇರಿಸುತ್ತಾರೆ.

ಈಗ ಮುಖ್ಯವಾದ ಮಾತು. ನುಡಿಸುವವರು ನಡುವೆ ದಾರಿ ತಪ್ಪಿದರೆ ಏನಾಗುತ್ತದೆ? ಪಕ್ಕವಾದ್ಯದವರು ನಿಲ್ಲಿಸುವುದಿಲ್ಲ. "ತಪ್ಪು, ಮತ್ತೆ ಮೊದಲಿಂದ" ಎನ್ನುವುದಿಲ್ಲ. ಬೇಸ್ ನಡೆಯುತ್ತಲೇ ಇರುತ್ತದೆ. ಪಿಯಾನೊದವರು ಸುತ್ತಿನ ಆರಂಭ ಬಂದಾಗ ಸ್ವಲ್ಪ ಒತ್ತಿ ನುಡಿಸಿ, ಇಗೋ ಇಲ್ಲಿದ್ದೇವೆ ಎಂದು ಗುರುತು ಕೊಡುತ್ತಾರೆ. ತಪ್ಪಿದವರು ಮಾಡಬೇಕಾದ್ದು ಒಂದೇ: ಸುಮ್ಮನಿದ್ದು ಕಿವಿಗೊಟ್ಟು ಕೇಳುವುದು, ಜಾಗ ಸಿಕ್ಕ ಕೂಡಲೇ ಸೇರಿಕೊಳ್ಳುವುದು. ನಮ್ಮ ಹುಡುಗ ಆ ದಿನ ಮಾಡಿದ್ದು ಇದನ್ನೇ.

ಒಂದು ಕಹಿ ಕಥೆ

ಎಲ್ಲ ಜ್ಯಾಮ್ ಸೆಷನ್‌ಗಳೂ ಇಷ್ಟು ದಯೆಯಿಂದ ನಡೆಯಲಿಲ್ಲ. ಚಾರ್ಲಿ ಪಾರ್ಕರ್ ಹೆಸರು ಆಗಲೇ ಹೇಳಿದೆವು. 1920ರಲ್ಲಿ ಹುಟ್ಟಿ ಕಾನ್ಸಾಸ್ ಸಿಟಿಯಲ್ಲಿ ಬೆಳೆದ ಪಾರ್ಕರ್, 1936ರಲ್ಲಿ, ಇನ್ನೂ ನಿಮ್ಮಷ್ಟೇ ವಯಸ್ಸಿನವರಾಗಿದ್ದಾಗ, ಆ ಊರಿನ ರೀನೋ ಕ್ಲಬ್ಬಿನ ಜ್ಯಾಮ್ ಸೆಷನ್ನಿನಲ್ಲಿ ನುಡಿಸಲು ನಿಂತರು. ಡ್ರಮ್ಸ್‌ನಲ್ಲಿ ಹೆಸರಾಂತ ಜೋ ಜೋನ್ಸ್. ಹುಡುಗ ನುಡಿಸುತ್ತ ದಾರಿ ತಪ್ಪಿದ. ಜೋ ಜೋನ್ಸ್ ತಮ್ಮ ಸಿಂಬಲ್, ಅಂದರೆ ಕಂಚಿನ ತಾಳದ ತಟ್ಟೆಯನ್ನು ತೆಗೆದು ನೆಲಕ್ಕೆ ಎಸೆದರು. ಝಣ್ ಎಂದು ಸದ್ದಾಯಿತು. ಜನ ನಕ್ಕರು. ಹುಡುಗ ವೇದಿಕೆ ಇಳಿದು ಹೋದ.

ಮರುವರ್ಷದ ಬೇಸಿಗೆಯಲ್ಲಿ ಪಾರ್ಕರ್ ಓಜಾರ್ಕ್ ಬೆಟ್ಟಗಳ ಕಡೆ ಒಂದು ವಿಹಾರಧಾಮದಲ್ಲಿ ನುಡಿಸುವ ಕೆಲಸಕ್ಕೆ ಹೋದರು. ಲೆಸ್ಟರ್ ಯಂಗ್ ಎಂಬ ಹಿರಿಯರು ನುಡಿಸಿದ್ದ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ, ಸ್ವರ ಸ್ವರ ಬಿಡಿಸಿ ಅಭ್ಯಾಸ ಮಾಡಿದರು. ಹಿಂತಿರುಗಿದಾಗ ಊರಿನವರು ಬೆರಗಾದರು. ಮುಂದೆ ಜಾಝ್ ಚರಿತ್ರೆಯಲ್ಲೇ ಅತಿ ದೊಡ್ಡ ಹೆಸರುಗಳಲ್ಲಿ ಒಂದಾಯಿತು ಅವರದು.

ಈ ಕಥೆಯನ್ನು ಸಾಮಾನ್ಯವಾಗಿ "ಸೋಲೇ ಗೆಲುವಿನ ಸೋಪಾನ" ಎಂಬ ನೀತಿಗಾಗಿ ಹೇಳುತ್ತಾರೆ. ನಮಗೆ ಇನ್ನೊಂದು ಯೋಚನೆ ಬರುತ್ತದೆ. ಪಾರ್ಕರ್ ಹಿಂತಿರುಗಿ ಬಂದರು, ಆದ್ದರಿಂದ ಅವರ ಕಥೆ ನಮಗೆ ಗೊತ್ತು. ತಟ್ಟೆಯ ಸದ್ದಿಗೆ ಹೆದರಿ ಮತ್ತೆಂದೂ ವಾದ್ಯ ಮುಟ್ಟದ ಹುಡುಗ-ಹುಡುಗಿಯರು ಎಷ್ಟು ಮಂದಿಯೋ? ಅವರ ಕಥೆಯನ್ನು ಹೇಳುವವರಿಲ್ಲ.

ಕಲಿಸುವ ಕೆಲಸ

ಜಾಝ್ ಕೇಂದ್ರಗಳು ಕಚೇರಿ ನಡೆಸಿ ಸುಮ್ಮನಾಗದೆ ಮಕ್ಕಳಿಗೆ ಕಲಿಸುವುದು ಇದಕ್ಕಾಗಿಯೇ. ಕೂಂಬ್ವಾ ಹೈಸ್ಕೂಲು ಮಕ್ಕಳಲ್ಲಿ ಆಯ್ಕೆ ನಡೆಸಿ 'ಆನರ್ ಬ್ಯಾಂಡ್' ಎಂಬ ಮೇಳ ಕಟ್ಟುತ್ತ ಬಂದಿದೆ. ಬೇರೆ ಬೇರೆ ಶಾಲೆಯ ಮಕ್ಕಳು ಒಬ್ಬ ಅನುಭವಿ ಕಲಾವಿದರ ಕೈಕೆಳಗೆ ಸೇರಿ ಅಭ್ಯಾಸ ಮಾಡಿ, ದೊಡ್ಡವರು ನುಡಿಸುವ ವೇದಿಕೆಯಲ್ಲೇ ನುಡಿಸುತ್ತಾರೆ. ಬೇಸಿಗೆಯಲ್ಲಿ ಜಾಝ್ ಶಿಬಿರವೂ ನಡೆಯುತ್ತ ಬಂದಿದೆ. ನಮ್ಮ ಕೊಲ್ಲಿ ಪ್ರದೇಶದಲ್ಲಿ ಇಂಥ ಪ್ರಯತ್ನಗಳು ಇನ್ನೂ ಇವೆ. ಬರ್ಕ್ಲಿಯಲ್ಲಿ 1997ರಲ್ಲಿ ಸೂಸನ್ ಮಸ್ಕರೆಲ್ಲಾ 'ಜಾಝ್‌ಸ್ಕೂಲ್' ಆರಂಭಿಸಿದರು. ಸಾನ್ ಫ್ರಾನ್ಸಿಸ್ಕೊದಲ್ಲಿ 1983ರಲ್ಲಿ ಸಣ್ಣದಾಗಿ ಶುರುವಾದ ಉತ್ಸವವೊಂದು ಬೆಳೆದು, 2013ರ ಜನವರಿಯಲ್ಲಿ ಜಾಝಿಗೆಂದೇ ಕಟ್ಟಿದ ಸ್ವಂತ ಭವನವನ್ನು ಪಡೆಯಿತು. ಅದೇ ಎಸ್‌ಎಫ್‌ಜಾಝ್ ಕೇಂದ್ರ.

ಒಂದು ಮಗುವಿಗೆ ಸಿಕ್ಕ ಅವಕಾಶ ಏನು ಮಾಡಬಲ್ಲದೆಂಬುದಕ್ಕೆ ಲೂಯಿ ಆರ್ಮ್‌ಸ್ಟ್ರಾಂಗ್ ಸಾಕ್ಷಿ. ನ್ಯೂ ಆರ್ಲಿಯನ್ಸ್‌ನ ಕಡುಬಡತನದಲ್ಲಿ ಬೆಳೆದ ಹುಡುಗ. 1912ರ ಕೊನೆಯ ರಾತ್ರಿ, ಹೊಸ ವರ್ಷದ ಸಂಭ್ರಮದಲ್ಲಿ, ಪಿಸ್ತೂಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿ ಪೊಲೀಸರ ಕೈಗೆ ಸಿಕ್ಕ. ಅವನನ್ನು ಬಾಲಮಂದಿರಕ್ಕೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಮಕ್ಕಳ ಬ್ಯಾಂಡ್ ನಡೆಸುತ್ತಿದ್ದರು. ಆ ಬ್ಯಾಂಡಿನಲ್ಲಿ ಲೂಯಿ ಕಾರ್ನೆಟ್ ನುಡಿಸಲು ಕಲಿತ, ಮುಂದಾಳೂ ಆದ. ಜಗತ್ತೇ ಕೇಳಿದ ಕಲಾವಿದನಿಗೆ ದಾರಿ ತೆರೆದದ್ದು ಮಕ್ಕಳ ಬ್ಯಾಂಡು ಮತ್ತು ಅದರ ಮೇಷ್ಟ್ರು.

ಕನ್ನಡ ನಾಡಿನ ನಂಟು

"ಇದೆಲ್ಲ ಇಲ್ಲಿಯವರ ಸಂಗೀತ, ನಮ್ಮದಲ್ಲ" ಎನ್ನುವ ಪೋಷಕರಿಗೆ ಮೂರು ಸಂಗತಿ ನೆನಪಿಸುತ್ತೇವೆ.

ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ ಸ್ಯಾಕ್ಸೊಫೋನ್. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಹುಡುಗ ಮುಂದೆ ವರ್ಷಗಟ್ಟಲೆ ಸಾಧನೆ ಮಾಡಿ, ಗಮಕಗಳನ್ನು ಆ ಲೋಹದ ವಾದ್ಯದಲ್ಲಿ ನುಡಿಸಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಿದರು. ಜಾನ್ ಹ್ಯಾಂಡಿ ಯಾರು ಗೊತ್ತೆ? ನಮ್ಮ ಸಾನ್ ಫ್ರಾನ್ಸಿಸ್ಕೊ ಕಡೆಯ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕರು! 2008ರಲ್ಲಿ ಗೋಪಾಲನಾಥ್ ಅವರು ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರ ಜೊತೆ ನುಡಿಸಿದ 'ಕಿನ್ಸ್‌ಮೆನ್' ಧ್ವನಿಮುದ್ರಿಕೆ ಹೊರಬಂತು. ಆ ಹೆಸರಿನ ಅರ್ಥ ನೆಂಟರು, ಬಂಧುಗಳು. ಗೋಪಾಲನಾಥ್ 2019ರ ಅಕ್ಟೋಬರಿನಲ್ಲಿ ನಮ್ಮನ್ನಗಲಿದರು.

ಎರಡನೆಯದು, ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಈ ಸಂಸ್ಥೆಯ ತಂಡ, ಬಾಸ್ಟನ್ನಿನಲ್ಲಿ ಹುಟ್ಟಿದ ಜಾಝ್ ಕಲಾವಿದ ಚಾರ್ಲಿ ಮರಿಯಾನೊ ಅವರ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಣ ಮಾಡಿತು.

ಮೂರನೆಯದು ಸಂಗೀತಕ್ಕಿಂತ ಮಾತಿಗೆ ಸೇರಿದ್ದು. ಕರಾವಳಿಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಕ್ಷಣದಲ್ಲಿ ಹೊಳೆದ ಮಾತನ್ನು ಆಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಮಾತು ಯಾರಿಗೂ ಮೊದಲೇ ಗೊತ್ತಿಲ್ಲ. ಕೃಷ್ಣ ಒಂದು ಹೇಳಿದರೆ ಕೌರವ ಅದಕ್ಕೆ ಅಲ್ಲಿಯೇ ಉತ್ತರ ಹುಡುಕಬೇಕು. ಇದು ಕನ್ನಡ ಮಾತಿನ ಜ್ಯಾಮ್ ಸೆಷನ್ ಅಲ್ಲದೆ ಮತ್ತೇನು?

ನಮ್ಮ ತರಗತಿಯ ತಟ್ಟೆ

ಮೊದಲಿನ ಪ್ರಶ್ನೆಗೆ ಮರಳೋಣ. ಜ್ಯಾಮ್ ಮುಗಿದ ಮೇಲೆ ಆ ಹುಡುಗನನ್ನೇ ಕೇಳಿದೆವು, "ಇಲ್ಲಿ ಹೆದರಿಕೆ ಆಗಲಿಲ್ಲವೇನಪ್ಪಾ?" ಅವನು ಇಂಗ್ಲಿಷಿನಲ್ಲೇ ಹೇಳಿದ. ಅದರ ಸಾರ ಇಷ್ಟು: "ಇಲ್ಲಿ ತಪ್ಪಿದರೆ ಯಾರೂ ನಿಲ್ಲಿಸೋದಿಲ್ಲ, ಟೀಚರ್."

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅವನು ತರಗತಿಯಲ್ಲಿ ಉತ್ಸಾಹದಿಂದ ಎದ್ದು, "ಊರಿಂದ ನಮ್ಮ ಅಜ್ಜಿ ಬಂತು" ಎಂದಿದ್ದ. ಎಲ್ಲರೂ ಗೊಳ್ಳೆಂದು ನಕ್ಕರು. ನಾವೂ ನಕ್ಕೆವು. "ಬಂತು ಅಲ್ಲ, ಬಂದರು. ಎಲ್ಲಿ, ಇನ್ನೊಮ್ಮೆ ಹೇಳು" ಎಂದೆವು. ಅವನು ಹೇಳಲಿಲ್ಲ. ಅಂದಿನಿಂದ ಹಿಂದಿನ ಸಾಲಿಗೆ ಹೋದ. ನಮ್ಮ ಹಳ್ಳಿಗಳ ಕಡೆ ಅಕ್ಕರೆಯಿಂದ "ಅಜ್ಜಿ ಬಂತು" ಎನ್ನುವುದುಂಟು. ಅವನ ಅಜ್ಜಿ ಅಲ್ಲಿದ್ದಿದ್ದರೆ ಆ ಮಾತಿಗೆ ನಗುತ್ತಿರಲಿಲ್ಲ, ಬಾ ಎಂದು ಪಕ್ಕಕ್ಕೆ ಕರೆದುಕೊಳ್ಳುತ್ತಿದ್ದರು. ಆ ದಿನ ಸಿಂಬಲ್ ತಟ್ಟೆ ಎಸೆದವರು ನಾವೇ.

ವ್ಯಾಕರಣ ಬೇಡವೆಂದು ಇದರರ್ಥವಲ್ಲ. ಜಾಝ್ ಕಲಿಯುವ ಮಕ್ಕಳೂ ಸ್ವರಸಾಧನೆ ಮಾಡುತ್ತಾರೆ, ತಪ್ಪನ್ನು ಗುರುಗಳು ತಿದ್ದುತ್ತಾರೆ. ಆದರೆ ತಿದ್ದುವ ಹೊತ್ತು ಬೇರೆ, ನುಡಿಸುವ ಹೊತ್ತು ಬೇರೆ. ನಾವು ಎರಡನ್ನೂ ಕಲಸಿಬಿಟ್ಟಿದ್ದೆವು.

ಆದ್ದರಿಂದ ಈ ವರ್ಷ ತರಗತಿಯ ಕೊನೆಯ ಇಪ್ಪತ್ತು ನಿಮಿಷ 'ಮಾತಿನ ಜ್ಯಾಮ್' ಆರಂಭಿಸಿದ್ದೇವೆ. ಬಾಗಿಲ ಬಳಿ ಒಂದು ಹಾಳೆ. ಮನಸ್ಸಿದ್ದವರು ಹೆಸರು ಬರೆಯಬಹುದು. ವಿಷಯ ಎಲ್ಲರಿಗೂ ಗೊತ್ತಿರುವಂಥದ್ದು: ಹಬ್ಬದ ಅಡುಗೆ, ಬಸ್ ತಪ್ಪಿದ ದಿನ, ಊರಿನ ಪ್ರಯಾಣ. ಇಬ್ಬರು ಪೋಷಕರು ಪಕ್ಕವಾದ್ಯದವರಾಗಿ ಕೂರುತ್ತಾರೆ. ಮಗುವಿಗೆ ಪದ ಸಿಗದಿದ್ದರೆ ಅವರು ತಮ್ಮ ಮಾತಿನಲ್ಲಿ ಆ ಪದವನ್ನು ಸಹಜವಾಗಿ ಸೇರಿಸಿ ಆಡುತ್ತಾರೆ, ಮಗು ಅದನ್ನು ಹಿಡಿದುಕೊಳ್ಳುತ್ತದೆ. ನಡುವೆ ತಿದ್ದುವಂತಿಲ್ಲ, ನಗುವಂತಿಲ್ಲ. ತಪ್ಪುಗಳನ್ನು ನಾವು ಬರೆದಿಟ್ಟುಕೊಂಡು, ಮುಂದಿನ ವಾರದ ವ್ಯಾಕರಣ ಪಾಠದಲ್ಲಿ, ಯಾರದೆಂದು ಹೇಳದೆ ಕಲಿಸುತ್ತೇವೆ.

ಮೊದಲ ಮೂರು ವಾರ ಆ ಹುಡುಗ ಹೆಸರು ಬರೆಯಲಿಲ್ಲ. ನಾಲ್ಕನೆಯ ವಾರ ಬರೆದ. ಅಜ್ಜಿಗೆ ಟ್ರಂಪೆಟ್ ಕೇಳಿಸಿದ ಕಥೆ ಹೇಳತೊಡಗಿದ. ಅರ್ಧಕ್ಕೆ ಪದ ಸಿಗದೆ ನಿಂತ. ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ತಂದೆಯೊಬ್ಬರು, "ಹೂಂ, ನಮ್ಮಜ್ಜಿಗೂ ಜೋರು ಸದ್ದು ಅಂದ್ರೆ ಆಗ್ತಿರಲಿಲ್ಲ, ಕಿವಿ ಮುಚ್ಕೊಳ್ಳೋರು" ಎಂದರು. "ನಮ್ಮಜ್ಜಿಯೂ ಕಿವಿ ಮುಚ್ಕೊಂಡ್ರು!" ಎಂದು ಅವನು ಮುಂದುವರಿದ. ಆಮೇಲೆ ನಕ್ಕವರಲ್ಲಿ ಅವನೇ ಮೊದಲಿಗ.

ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಮಗು ತಪ್ಪು ಕನ್ನಡ ಆಡಿದಾಗ ನೀವು ಬೇಸ್ ವಾದಕರಂತಿರಿ. ನಿಲ್ಲಿಸಬೇಡಿ, ಇಂಗ್ಲಿಷಿಗೆ ಜಾರಲೂ ಬೇಡಿ. ನಿಮ್ಮ ಕನ್ನಡ ನಡೆಯುತ್ತಲೇ ಇರಲಿ. ಮಗು ಜಾಗ ಹುಡುಕಿಕೊಂಡು ಬಂದು ಸೇರುತ್ತದೆ. ಮಕ್ಕಳಲ್ಲಿಯೂ ಒಂದು ವಿನಂತಿ. ದಾರಿ ತಪ್ಪಿದರೆ ಓಡಿಹೋಗಬೇಡಿ. ಕೇಳಿ, ಕಾಯಿರಿ, ಮತ್ತೆ ಬನ್ನಿ.

ಅಭ್ಯಾಸ

1. ಆದಿತಾಳ ಹಾಕುತ್ತ ಬ್ಲೂಸಿನ ಒಂದು ಸುತ್ತನ್ನು (ಆರು ಆವರ್ತನ) ಎಣಿಸಿ. ಮೇಲೆ ಹೇಳಿದ ಜಾಗಗಳಲ್ಲಿ ಸ, ಮ, ಪ ಎಂದು ಆಧಾರ ಸ್ವರ ಹಾಡಿ. ಆಮೇಲೆ ನಾಲ್ಕು ಮಾತ್ರೆಗಳಲ್ಲಿ 2 ಮತ್ತು 4ರ ಮೇಲೆ ಮಾತ್ರ ಚಪ್ಪಾಳೆ ತಟ್ಟಿ ನೋಡಿ. ಜಾಝ್ ಕೇಳುವವರು ತಟ್ಟುವುದು ಹಾಗೆ.
2. 'ಸೃಷ್ಟಿಸು – ಸೃಷ್ಟಿಸಲ್ಪಡು' ಮಾದರಿಯಲ್ಲಿ ಕಟ್ಟು, ಬರೆ, ಹಾಡು ಎಂಬ ಧಾತುಗಳಿಗೆ ಕರ್ಮಣಿ ರೂಪ ಬರೆಯಿರಿ. ದಿನದ ಮಾತಿನಲ್ಲಿ ನಾವು ಇವುಗಳ ಬದಲು ಏನು ಹೇಳುತ್ತೇವೆ? ಮನೆಯಲ್ಲಿ ಕೇಳಿ ತಿಳಿಯಿರಿ.
3. ಕದ್ರಿ ಗೋಪಾಲನಾಥ್ ಮತ್ತು ಚಾರ್ಲಿ ಪಾರ್ಕರ್, ಇಬ್ಬರ ಸ್ಯಾಕ್ಸೊಫೋನ್ ವಾದನವನ್ನೂ ಕೇಳಿ. ಯಾವುದರಲ್ಲಿ ಶ್ರುತಿ ಒಂದೇ ಇದೆ, ಯಾವುದರಲ್ಲಿ ಕಾರ್ಡ್ ಬದಲಾಗುತ್ತದೆ? ಐದು ವಾಕ್ಯ ಬರೆಯಿರಿ.
4. ಮನೆಯವರೆಲ್ಲ ಊಟಕ್ಕೆ ಕೂತಾಗ ಒಂದು ಕಥೆಯನ್ನು ಸರದಿಯ ಮೇಲೆ ಮುಂದುವರಿಸಿ. ಒಬ್ಬರಿಗೆ ನಾಲ್ಕು ವಾಕ್ಯ. ತಪ್ಪಿದರೆ ನಿಲ್ಲಿಸಬಾರದು.
5. ಅಜ್ಜ-ಅಜ್ಜಿಗೆ ಫೋನ್ ಮಾಡಿ, ಚಿಕ್ಕಂದಿನಲ್ಲಿ ಹಲವರ ಮುಂದೆ ತಪ್ಪು ಮಾಡಿದ ಒಂದು ಪ್ರಸಂಗ ಹೇಳಿ ಎಂದು ಕೇಳಿ. ಅದನ್ನು ಮಾತಿನ ಜ್ಯಾಮ್‌ನಲ್ಲಿ ನಮಗೂ ಹೇಳಿ. ಹಾಳೆ ಬಾಗಿಲ ಬಳಿಯೇ ಇದೆ.